ಆಷಾಢದಲ್ಲಿ ಲೋಡಿಲ್ಲ: ಒಂದೇ ಗಾಡಿ ಇರುವವರು ಬಾಡಿಗೆ ಹೇಗೆ ಹುಡುಕುತ್ತಿದ್ದೀರಿ?

ಹರಿಹರದ ಹತ್ತು ಚಕ್ರ

ಎಲ್ಲರಿಗೂ ನಮಸ್ಕಾರ. ನನ್ನದು ಒಂದೇ ಗಾಡಿ. ಹತ್ತು ಚಕ್ರದ ಓಪನ್ ಬಾಡಿ, 2019ರ ಮಾಡೆಲ್. ನಾನೇ ಓನರ್, ನಾನೇ ಡ್ರೈವರ್. ಊರು ಹರಿಹರ, ಲೋಡು ಎತ್ತುವುದು ಹೆಚ್ಚಾಗಿ ದಾವಣಗೆರೆಯಿಂದ.

ಇವತ್ತಿಗೆ ಆರು ದಿನ ಆಯಿತು, ಗಾಡಿ ನಿಂತಲ್ಲೇ ನಿಂತಿದೆ. ಬೆಳಿಗ್ಗೆ ಎದ್ದು ನಾಲ್ಕು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗುತ್ತೇನೆ, ಮಧ್ಯಾಹ್ನ ವಾಪಸ್ ಬರುತ್ತೇನೆ. ನಿನ್ನೆ ಒಬ್ಬರು ನಾಮಕ್ಕಲ್‌ಗೆ ಮೆಕ್ಕೆಜೋಳ ಇದೆ ಅಂದರು. ಅಲ್ಲಿನ ಕೋಳಿ ಫೀಡ್ ಫ್ಯಾಕ್ಟರಿಗೆ ಹೋಗುವ ಮಾಲು. ಬೇರೆ ತಿಂಗಳಲ್ಲಿ ನನಗೆ ಟನ್ನಿಗೆ 1,350 ರೂಪಾಯಿ ಸಿಗುತ್ತಿತ್ತು. ಈಗ 1,100 ಅಂತಾರೆ. ಬೇಡ ಅಂದರೆ ಹಿಂದೆ ಹತ್ತು ಗಾಡಿ ನಿಂತಿವೆ ಅಂತಾರೆ. ಅದೂ ನಿಜವೇ.

ತಿಂಗಳಿಗೆ 38,000 ಇಎಂಐ ಇದೆ, ಹತ್ತನೇ ತಾರೀಕಿಗೆ ಕಟ್ಟಬೇಕು. ಹಿಂದಿನ ಟ್ರಿಪ್ಪಿನ ಬ್ಯಾಲೆನ್ಸ್ 11,000 ಒಂದು ಆಫೀಸಿನಲ್ಲಿ ನಲವತ್ತು ದಿನದಿಂದ ಬಾಕಿ ಇದೆ. ಫೋನ್ ಮಾಡಿದರೆ "ಮಾಲಿನ ಪಾರ್ಟಿ ದುಡ್ಡು ಹಾಕಿಲ್ಲ" ಅನ್ನುವ ಒಂದೇ ಉತ್ತರ.

1,100ಕ್ಕೆ ಹೋಗಬೇಕಾ, ಸುಮ್ನೆ ನಿಲ್ಲಿಸಬೇಕಾ? ಈ ಸೀಸನ್‌ನಲ್ಲಿ ನೀವೆಲ್ಲ ಯಾವ ಕಡೆ ಓಡಿಸುತ್ತಿದ್ದೀರಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸಿರಾ ಗೇಟ್

ತಮ್ಮಾ, ನಾನು ಸ್ಟಿಯರಿಂಗ್ ಹಿಡಿದು ಇಪ್ಪತ್ತೆಂಟು ವರ್ಷ ಆಯಿತು. ಮೊದಲು ಒಂದು ಮಾತು ಕೇಳುತ್ತೇನೆ. ನಾಮಕ್ಕಲ್‌ನಿಂದ ವಾಪಸ್ ಏನು ತರುತ್ತೀಯ? ಅದನ್ನು ನೀನು ಬರೆದೇ ಇಲ್ಲ.

ನಾವೆಲ್ಲ ಹೋಗುವ ಬಾಡಿಗೆಗೆ ಗಂಟಲು ಹರಿಯುವ ಹಾಗೆ ಚೌಕಾಸಿ ಮಾಡುತ್ತೇವೆ. ಅಲ್ಲಿ ಇಳಿಸಿದ ಮೇಲೆ "ಸಿಕ್ಕಿದ್ದು ಹಾಕಿಕೊಂಡು ಬಾ" ಅಂತ ಬಿಟ್ಟುಬಿಡುತ್ತೇವೆ. ದುಡ್ಡು ಕೈ ಬಿಡುವುದು ಅಲ್ಲೇ. ಹೋಗುವ ಲೋಡು ಒಪ್ಪುವ ಮುಂಚೆ ಬರುವ ಲೋಡು ಗೊತ್ತಿರಬೇಕು. ಸೀಸನ್ ಚೆನ್ನಾಗಿದ್ದಾಗ ಇದು ತಪ್ಪಿದರೂ ನಡೆಯುತ್ತದೆ, ಆಷಾಢದಲ್ಲಿ ನಡೆಯೋದಿಲ್ಲ.

ಈ ಕಾಲ ಯಾಕೆ ಹೀಗೆ ಅಂತ ಹೊಸಬರಿಗೆ ಹೇಳಿಬಿಡುತ್ತೇನೆ. ಮಳೆ ಬಿದ್ದರೆ ಕಟ್ಟಡ ಕೆಲಸ ನಿಧಾನ, ಸಿಮೆಂಟು ಕಬ್ಬಿಣ ಓಡೋದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೊಲದಲ್ಲಿ ಬಿತ್ತನೆ ಆಗಿದೆ, ಕಟಾವು ಇಲ್ಲ. ಗೌರಿ ಗಣೇಶ ಬಂದ ಮೇಲೆ ಸ್ವಲ್ಪ ಉಸಿರು ಬರುತ್ತದೆ. ದಸರಾ ದೀಪಾವಳಿಗೆ ಪಾರ್ಸೆಲ್ ಮಾಲು ಏಳುತ್ತದೆ. ಅಕ್ಟೋಬರ್ ನಂತರ ನಿಮ್ಮ ದಾವಣಗೆರೆ, ಹಾವೇರಿ ಕಡೆ ಹೊಸ ಮೆಕ್ಕೆಜೋಳ ಬಂದರೆ ನೀನು ಬೇಡ ಅಂದರೂ ಆಫೀಸಿನವರೇ ಫೋನ್ ಮಾಡುತ್ತಾರೆ. ಈಗ ಹೋಗುತ್ತಿರುವುದು ಗೋಡೌನ್‌ನಲ್ಲಿ ಉಳಿದ ಹಳೇ ಮಾಲು. ಅದಕ್ಕೇ ರೇಟು ಇಲ್ಲ.

ಚಳ್ಳಕೆರೆ ಮನೆಲೆಕ್ಕ

ಅಣ್ಣ, ನಮ್ಮ ಯಜಮಾನರದೂ ಹತ್ತು ಚಕ್ರದ ಗಾಡಿ. ಅವರು ಓಡಿಸುತ್ತಾರೆ, ಲೆಕ್ಕ ನಾನು ಬರೆಯುತ್ತೇನೆ. ನಿಮ್ಮ ಟ್ರಿಪ್ಪನ್ನು ನಮ್ಮ ಪುಸ್ತಕದ ರೀತಿಯಲ್ಲಿ ಬರೆದು ನೋಡಿದೆ.

ದಾವಣಗೆರೆಯಿಂದ ನಾಮಕ್ಕಲ್ 515 ಕಿಲೋಮೀಟರ್ ಅಂತ ಹಿಡಿಯಿರಿ. 18 ಟನ್, 1,100ರಂತೆ 19,800 ಬಾಡಿಗೆ. ಲೋಡಿನಲ್ಲಿ ಲೀಟರಿಗೆ 4 ಕಿಲೋಮೀಟರ್ ಬಂದರೆ 129 ಲೀಟರ್ ಡೀಸೆಲ್, 91ರಂತೆ ಹತ್ತಿರ ಹತ್ತಿರ 11,750. ಟೋಲ್ ಸುಮಾರು 3,000. ಕಮಿಷನ್ 500, ಹಮಾಲಿ ಮಾಮೂಲು 1,200, ಊಟ ತಿಂಡಿ ದಾರಿ ಖರ್ಚು 800. ಒಟ್ಟು 17,250 ಹೋಯಿತು. ಕೈಯಲ್ಲಿ 2,550.

ಈಗ ಖಾಲಿ ವಾಪಸ್ ಬಂದರೆ? ಖಾಲಿ ಗಾಡಿ 5 ಕೊಡುತ್ತದೆ ಅನ್ನೋಣ. ಡೀಸೆಲ್ ಸುಮಾರು 9,400, ಟೋಲ್ ಮತ್ತೆ 3,000, ಊಟಕ್ಕೆ 500. ಅಂದರೆ 12,900. ಹೋಗುವಾಗ ಉಳಿದ 2,550 ಕಳೆದರೆ ನಿಮ್ಮ ಜೇಬಿನಿಂದ 10,350.

ಗಾಡಿ ನಿಂತರೂ ಖರ್ಚಿದೆ ಅನ್ನುತ್ತೀರಿ. ಅದನ್ನೂ ಬರೆಯಿರಿ. ಇಎಂಐ 38,000. ಇನ್ಶೂರೆನ್ಸ್ ತಿಂಗಳಿಗೆ ಹಂಚಿದರೆ 5,500. ಟ್ಯಾಕ್ಸ್, ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಲ್ಲ ಸೇರಿ 4,000. ಮನೆ ಖರ್ಚು 20,000. ದಿನಕ್ಕೆ 2,250 ಬರುತ್ತದೆ. ನಾಲ್ಕು ದಿನ ನಿಲ್ಲಿಸಿದರೆ 9,000 ನಷ್ಟ. ನಾಲ್ಕು ದಿನ ಹೋಗಿ ಖಾಲಿ ಬಂದರೆ ಆ 9,000ದ ಮೇಲೆ 10,350.

ಹಾಗಾಗಿ ವಾಪಸ್ ಲೋಡು ಇಲ್ಲದಿದ್ದರೆ ಹೋಗಬೇಡಿ. ಇದ್ದರೆ ಮಾತ್ರ ಯೋಚನೆ ಮಾಡಿ. ನಿಮ್ಮ ಗಾಡಿಯ ನಂಬರುಗಳು ಬೇರೆ ಇರಬಹುದು. ಹೊರಡುವ ಮುಂಚೆ ಒಂದು ಹಾಳೆಯಲ್ಲಿ ನಿಮ್ಮದನ್ನೇ ಬರೆದು ನೋಡಿ, ಹತ್ತು ನಿಮಿಷದ ಕೆಲಸ.

ಹುಬ್ಬಳ್ಳಿ ಲೈನ್

ಅಕ್ಕ, ಲೆಕ್ಕ ಸರಿ ಇದೆ. ಆದರೆ ಎಲ್ಲರೂ 18 ಟನ್ ಹಾಕಿಕೊಂಡು ಹೋಗಿದ್ದರೆ ಯಾರೂ ಉಳಿಯುತ್ತಿರಲಿಲ್ಲ. 22 ಟನ್ ಹಾಕಿ, ಅದೇ ಡೀಸೆಲ್, ಅದೇ ಟೋಲ್. ನಾಲ್ಕು ಟನ್ನಿಗೆ 4,400 ಜಾಸ್ತಿ ಬರುತ್ತದೆ. ಎರಡನೇದು, ಆಫೀಸ್ ಸುತ್ತುವುದು ಬಿಡಿ. ಬ್ಲಾಕ್‌ಬಕ್, ವಾಹಕ್ ತರಹದ ಆ್ಯಪ್ ಹಾಕಿಕೊಳ್ಳಿ. ನಾನು ಮೂರು ಆ್ಯಪ್ ಇಟ್ಟುಕೊಂಡಿದ್ದೇನೆ. ಗಾಡಿ ಇಳಿಯುವ ಹಿಂದಿನ ದಿನವೇ ಅಲ್ಲಿನ ಲೋಡು ನೋಡುತ್ತೇನೆ.

ಸಿರಾ ಗೇಟ್

ಆ್ಯಪ್ ವಿಷಯ ಒಪ್ಪುತ್ತೇನೆ. 22 ಟನ್ ವಿಷಯ ಒಪ್ಪೋದಿಲ್ಲ ತಮ್ಮಾ.

2018ರಲ್ಲಿ ಆಕ್ಸಲ್ ತೂಕ ಏರಿಸಿದ ಮೇಲೆ ಹತ್ತು ಚಕ್ರಕ್ಕೆ ಗಾಡಿ ತೂಕ, ಮಾಲು ಎರಡೂ ಸೇರಿ 28.5 ಟನ್ ತನಕ ಮಾತ್ರ ಪಾಸಿಂಗ್. ಅದರ ಮೇಲೆ ಹೋದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ದಂಡ 20,000, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ನಾಲ್ಕು ಟನ್ನಿಗೆ 28,000 ಆಯಿತು. 4,400ಕ್ಕೆ 28,000 ಪಣ ಇಡುತ್ತೀಯಾ? ಹೆಚ್ಚಿನ ಮಾಲನ್ನು ಅಲ್ಲೇ ಇಳಿಸಿ ಅಂದರೆ ಹಮಾಲಿ ಖರ್ಚು ಬೇರೆ, ಇನ್ನೊಂದು ಗಾಡಿ ಬೇರೆ.

ದುಡ್ಡಿನ ಮಾತು ಬಿಡು. ನಾಮಕ್ಕಲ್ ದಾರಿಯಲ್ಲಿ ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ ಇದೆ. ಸೇಲಂ ಕಡೆಗೆ ಪೂರ್ತಿ ಇಳಿಜಾರು. ಬ್ರೇಕ್ ಬಿಸಿಯಾಗಿ ಹಿಡಿಯದೇ ಹೋದ ಗಾಡಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದರ ಕೆಳಗೆ ಕಾರು ಇತ್ತು. ಆ ದಿನ ನನಗೆ ಊಟ ಸೇರಲಿಲ್ಲ. ಅಲ್ಲಿ ನ್ಯೂಟ್ರಲ್‌ಗೆ ಹಾಕಬೇಡ, ಮೇಲಿನಿಂದಲೇ ಚಿಕ್ಕ ಗೇರ್‌ನಲ್ಲಿ ಇಳಿಸು. ಡೀಸೆಲ್ ಉಳಿಸುವ ಜಾಗ ಅದಲ್ಲ.

ಹುಬ್ಬಳ್ಳಿ ಲೈನ್

ಸರಿ ಅಣ್ಣ. ತಪ್ಪಾಯಿತು. ಘಾಟಿ ನಾನು ಯೋಚಿಸಿರಲಿಲ್ಲ, ನಮ್ಮ ಲೈನ್ ಎಲ್ಲ ಬಯಲು ಸೀಮೆ.

ಆ್ಯಪ್ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಮಾರ್ಚ್‌ನಲ್ಲಿ ನನಗೆ ಒಬ್ಬ ಫೋನ್ ಮಾಡಿದ. ಮಾರ್ಕೆಟ್‌ಗಿಂತ 6,000 ಜಾಸ್ತಿ ಬಾಡಿಗೆ, ಮಾಲು ರೆಡಿ ಇದೆ, ಗೇಟ್ ಪಾಸಿಗೆ 1,800 ಹಾಕಿ, ಬಾಡಿಗೆಯಲ್ಲಿ ಸೇರಿಸಿ ಕೊಡುತ್ತೇನೆ ಅಂದ. ಹಾಕಿದೆ. ಹೇಳಿದ ಜಾಗಕ್ಕೆ ಹೋದರೆ ಅಲ್ಲಿ ಫ್ಯಾಕ್ಟರಿಯೇ ಇಲ್ಲ, ಖಾಲಿ ಸೈಟು. ನನ್ನ ಹಾಗೆ ಇನ್ನೊಂದು ಗಾಡಿಯೂ ಅಲ್ಲೇ ನಿಂತಿತ್ತು. ಮಾಲು ಕಣ್ಣಿಗೆ ಕಾಣುವ ಮುಂಚೆ ಗಾಡಿಯವನು ದುಡ್ಡು ಹಾಕುವ ಪದ್ಧತಿ ಈ ಲೈನಿನಲ್ಲಿ ಇಲ್ಲ. ಯಾರಾದರೂ ಕೇಳಿದರೆ ಫೋನ್ ಇಡಿ.

ಯಶವಂತಪುರ ಬುಕಿಂಗ್

ನಾನು ಬುಕಿಂಗ್ ಆಫೀಸ್ ನಡೆಸುತ್ತೇನೆ. ಇಲ್ಲಿ ಬ್ರೋಕರ್ ಅಂದರೆ ಕೋಪ ಬರುತ್ತದೆ ಅಂತ ಗೊತ್ತು, ಆದರೂ ನನ್ನ ಕಡೆಯ ಮಾತು ಹೇಳುತ್ತೇನೆ.

ಕಂಪನಿ ನಮಗೆ ದುಡ್ಡು ಹಾಕುವುದು ಎರಡು ತಿಂಗಳಿಗೆ. ಗಾಡಿಯವರಿಗೆ ನಾವು ಲೋಡ್ ಆದ ದಿನವೇ ಅಡ್ವಾನ್ಸ್ ಕೊಡಬೇಕು. ಆ ನಡುವಿನ ದುಡ್ಡು ನಮ್ಮದು. ಕಮಿಷನ್ ಅದಕ್ಕೆ. ಆದರೆ ಪಿಓಡಿ (ಮಾಲು ಮುಟ್ಟಿದ್ದಕ್ಕೆ ಸಹಿ ಹಾಕಿದ ಕಾಗದ) ಕೊಟ್ಟ ಮೇಲೂ ನಲವತ್ತು ದಿನ ಬ್ಯಾಲೆನ್ಸ್ ಇಟ್ಟುಕೊಳ್ಳುವುದು ತಪ್ಪು. ಅಂಥ ಆಫೀಸಿನ ಲೋಡು ಎತ್ತಬೇಡಿ. ಲೋಡು ಕಡಿಮೆ ಇರುವ ತಿಂಗಳಲ್ಲೇ ಇದು ಜಾಸ್ತಿ ಆಗುವುದು, ಗಾಡಿಯವರು ಬಾಯಿ ಬಿಡೋದಿಲ್ಲ ಅನ್ನುವ ಧೈರ್ಯ ಅವರಿಗೆ.

ಹರಿಹರದವರೇ, ಲೋಡಿಂಗ್‌ಗೆ ಮುಂಚೆಯೇ ಮಾತು ಮುಗಿಸಿ. ಅಡ್ವಾನ್ಸ್ ಎಷ್ಟು, ಬ್ಯಾಲೆನ್ಸ್ ಎಷ್ಟು ದಿನಕ್ಕೆ, ಇಳಿಸಲು ತಡವಾದರೆ ಎರಡನೇ ದಿನದಿಂದ ಹಾಲ್ಟಿಂಗ್ (ಗಾಡಿ ಕಾದು ನಿಂತದ್ದರ ದುಡ್ಡು) ಎಷ್ಟು. ಮೂರನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತಿನ ಹಾಲ್ಟಿಂಗ್ ಯಾರೂ ಕೊಟ್ಟಿದ್ದು ನಾನು ನೋಡಿಲ್ಲ. ಸಾಧ್ಯವಾದರೆ ಟು-ಪೇ ಲೋಡು ಹಿಡಿಯಿರಿ. ಮಾಲು ಇಳಿಸಿದ ಜಾಗದಲ್ಲೇ ಬಾಡಿಗೆ ಕೈಗೆ ಬರುತ್ತದೆ. ಕಾಳುಕಡಿ, ಅಕ್ಕಿ, ಈರುಳ್ಳಿ ಮಾಲಿನಲ್ಲಿ ಇದು ಇನ್ನೂ ಇದೆ. ರೇಟು ಐವತ್ತು ರೂಪಾಯಿ ಕಡಿಮೆ ಇದ್ದರೂ ಈ ಕಾಲದಲ್ಲಿ ಟು-ಪೇ ಒಳ್ಳೆಯದು.

ತುಮಕೂರು ತೆರಿಗೆ ಕೆಲಸ

ನಾನು ಲೆಕ್ಕಪತ್ರ ನೋಡುವವನು, ಗಾಡಿ ಮಾಲೀಕರ ರಿಟರ್ನ್ಸ್ ಹಾಕುತ್ತೇನೆ. ಬ್ಯಾಲೆನ್ಸ್ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ಹತ್ತು ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರುವವರು ಪ್ಯಾನ್ ಜೊತೆ ಡಿಕ್ಲರೇಷನ್ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ಮೊದಲೇ ಕಳೆಯುವ ಆದಾಯ ತೆರಿಗೆ) ಹಿಡಿಯಬೇಕಾಗಿಲ್ಲ. ಎಷ್ಟೋ ಜನರಿಗೆ ಇದು ಗೊತ್ತಿಲ್ಲ, ಟ್ರಿಪ್ ಟ್ರಿಪ್ಪಿಗೂ ಕಳೆದುಕೊಳ್ಳುತ್ತಿದ್ದಾರೆ. ಒಂದು ಹಾಳೆ ಟೈಪ್ ಮಾಡಿಸಿ, ಸಹಿ ಹಾಕಿ, ಫೋನ್‌ನಲ್ಲಿ ಫೋಟೋ ಇಟ್ಟುಕೊಳ್ಳಿ. ಹೊಸ ಆಫೀಸಿಗೆ ಹೋದಾಗಲೆಲ್ಲ ಕೊಡಿ.

ಬಾಕಿ ಹಣಕ್ಕೆ ದಾರಿ ಇದೆ. ಸಣ್ಣ ಉದ್ಯಮಗಳನ್ನು ನೋಂದಾಯಿಸುವ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ನೋಂದಣಿ ಮಾಡಿಸಿ, ಸರ್ಕಾರಿ ಶುಲ್ಕ ಇಲ್ಲ, ಆಧಾರ್ ಮತ್ತು ಪ್ಯಾನ್ ಸಾಕು. ಗಾಡಿ ಬಾಡಿಗೆ ಸೇವೆಯ ಲೆಕ್ಕದಲ್ಲಿ ಬರುತ್ತದೆ. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ನೋಂದಣಿ ಮಾಡಿಸಿದ ನಂತರದ ಬಾಡಿಗೆಗಳಿಗೆ ಇದು ಗಟ್ಟಿಯಾಗಿ ನಿಲ್ಲುತ್ತದೆ, ಆದ್ದರಿಂದ ಇವತ್ತೇ ಮಾಡಿಸಿ. ನಿಮ್ಮ ಹಳೇ 11,000ಕ್ಕೆ ಮೊದಲು ಎಲ್ಆರ್ (ಲಾರಿ ರಸೀದಿ) ನಂಬರ್, ಪಿಓಡಿ ಕೊಟ್ಟ ತಾರೀಕು ಹಾಕಿ ಒಂದು ಕಾಗದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಬರಹದಲ್ಲಿ ಕೇಳಿದಾಗ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಬಂಟ್ವಾಳದ ಘಾಟಿ ಗಾಡಿ

ಮಳೆಗಾಲದಲ್ಲಿ ಬೇರೆಲ್ಲ ಮಲಗಿದ್ದಾಗ ಏಳುವ ಮಾಲು ಒಂದಿದೆ, ಗೊಬ್ಬರ. ಬಿತ್ತನೆ ಆದ ಮೇಲೆ ಯೂರಿಯಾ ಬೇಕೇ ಬೇಕು. ಮಂಗಳೂರು ಬಂದರಿನ ಪಣಂಬೂರಿನಿಂದ ಶಿರಾಡಿ ಘಾಟಿ ಹತ್ತಿ ಹಾಸನ, ಚಿಕ್ಕಮಗಳೂರು ಕಡೆ ನಾವು ಜೂನ್‌ನಿಂದ ಆಗಸ್ಟ್ ತನಕ ಅದನ್ನೇ ಓಡಿಸುತ್ತೇವೆ.

ನಿಮ್ಮ ಕಡೆಯವರಿಗೆ ಬಂದರು ಬೇಡ. ಗೊಬ್ಬರ ರೈಲಿನಲ್ಲೂ ಬರುತ್ತದೆ. ಒಂದು ರೇಕ್, ಅಂದರೆ ಒಂದು ಪೂರ್ತಿ ಗೂಡ್ಸ್ ರೈಲು, ಸುಮಾರು 2,600 ಟನ್. ಹತ್ತು ಚಕ್ರದ ಗಾಡಿಗೆ ಲೆಕ್ಕ ಹಾಕಿದರೆ 140ಕ್ಕೂ ಜಾಸ್ತಿ ಟ್ರಿಪ್. ವ್ಯಾಗನ್ ತಡವಾಗಿ ಖಾಲಿಯಾದರೆ ರೈಲ್ವೆಗೆ ಡೆಮರೇಜ್ ದಂಡ ಕಟ್ಟಬೇಕು, ಹಾಗಾಗಿ ಅವತ್ತು ಗಾಡಿಗೆ ಬೆಲೆ ಇರುತ್ತದೆ. ದೂರ ಕಡಿಮೆ, ಬಾಡಿಗೆ ಕಡಿಮೆ, ಆದರೆ ಸಂಜೆ ಮನೆಗೆ ಬರುತ್ತೀರಿ, ಖಾಲಿ ಓಡಿಸುವುದೂ ಕಡಿಮೆ. ಗೂಡ್ಸ್ ಶೆಡ್‌ನಲ್ಲಿ ಲೋಕಲ್ ಗಾಡಿಗಳ ಸರದಿ ಇರುತ್ತದೆ. ಸುಮ್ನೆ ಹೋಗಿ ನಡುವೆ ನುಗ್ಗಬೇಡಿ. ಅಲ್ಲಿನ ಮುಖಂಡರನ್ನು ಮಾತಾಡಿಸಿ, ಸರದಿಯಲ್ಲಿ ಹೆಸರು ಬರೆಸಿ.

ಇನ್ನೊಂದು. ಮಳೆಗಾಲದಲ್ಲಿ ಈ-ವೇ ಬಿಲ್ (ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ) ಅವಧಿ ನೋಡಿಕೊಳ್ಳಿ. 200 ಕಿಲೋಮೀಟರಿಗೆ ಒಂದು ದಿನ ಲೆಕ್ಕ. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ಗುಡ್ಡ ಜರಿದು ಶಿರಾಡಿ ಬಂದ್ ಆದಾಗ ನಾನು ಎರಡು ರಾತ್ರಿ ಗಾಡಿಯಲ್ಲೇ ಕಳೆದೆ. ಬಿಲ್ ಮುಗಿಯುತ್ತಾ ಬಂತು. ಅವಧಿ ಮುಗಿಯುವ ಎಂಟು ಗಂಟೆ ಮುಂಚೆಯಿಂದ ಮುಗಿದ ಎಂಟು ಗಂಟೆ ತನಕ ಅದನ್ನು ಮುಂದುವರಿಸಬಹುದು. ಆಫೀಸಿಗೆ ಫೋನ್ ಮಾಡಿ ಮಾಡಿಸಿಕೊಂಡೆ. ಪಕ್ಕದ ಗಾಡಿಯವನಿಗೆ ಗೊತ್ತಿರಲಿಲ್ಲ. ಪಾಪ, ಮುಂದೆ ಚೆಕಿಂಗ್‌ನಲ್ಲಿ ಸಿಕ್ಕಿಬಿದ್ದ.

ಗಂಗಾವತಿ ಮಿಲ್ ಗುಮಾಸ್ತ

ಲೋಡು ಕೊಡುವ ಕಡೆಯಿಂದ ಒಂದು ಮಾತು. ನಾನು ರೈಸ್ ಮಿಲ್‌ನಲ್ಲಿ ಗಾಡಿ ಕಳಿಸುವ ಕೆಲಸ ನೋಡುತ್ತೇನೆ. ನನ್ನ ಫೋನ್‌ನಲ್ಲಿ ಇನ್ನೂರು ಗಾಡಿ ನಂಬರ್ ಇವೆ. ಆದರೆ ಮಾಲು ಇದ್ದಾಗ ನಾನು ಮೊದಲು ಫೋನ್ ಮಾಡುವುದು ಏಳೆಂಟು ಜನಕ್ಕೆ ಮಾತ್ರ. ಅವರು ರೇಟು ಕಡಿಮೆ ಮಾಡುತ್ತಾರೆ ಅಂತಲ್ಲ.

ಒಬ್ಬರು ಇದ್ದಾರೆ, ಕೊಟ್ಟೂರಿನ ಕಡೆಯವರು. ಲೋಡಿಂಗ್‌ಗೆ ಬರುವ ಮುಂಚೆ ಆರ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಲೈಸೆನ್ಸ್ ಎಲ್ಲ ಒಂದೇ ಸಲ ಕಳಿಸುತ್ತಾರೆ. ನಾನು ಕೇಳುವ ಕೆಲಸವೇ ಇಲ್ಲ. ಗಾಡಿ ಬಂದು ನಿಂತರೆ ಬಾಡಿ ಗುಡಿಸಿರುತ್ತದೆ. ಹಿಂದಿನ ಟ್ರಿಪ್ ಗೊಬ್ಬರವೋ ಸಿಮೆಂಟೋ ಆಗಿದ್ದರೆ ತೊಳೆದು ಒಣಗಿಸಿ, ಒಣಹುಲ್ಲು ಹಾಸಿ ಮೇಲೆ ಶೀಟ್ ಹಾಕಿರುತ್ತಾರೆ. ಅಕ್ಕಿ ಗೊಬ್ಬರದ ವಾಸನೆ ಹಿಡಿದರೆ ಪಾರ್ಟಿ ಪೂರ್ತಿ ಲೋಡು ವಾಪಸ್ ಕಳಿಸುತ್ತಾನೆ, ಗೊತ್ತಾ? ದಾರಿಯಲ್ಲಿ ನಾನು ಫೋನ್ ಮಾಡಿದರೆ ಎತ್ತುತ್ತಾರೆ. ಪಂಕ್ಚರ್ ಆದರೆ ಪಂಕ್ಚರ್ ಅಂತಲೇ ಹೇಳುತ್ತಾರೆ. ಇಷ್ಟೇ.

ಮಾಲು ಕಡಿಮೆ ಇರುವ ತಿಂಗಳಲ್ಲೇ ನಮ್ಮ ಹತ್ತಿರ ಬನ್ನಿ. ಸೀಸನ್‌ನಲ್ಲಿ ಬಂದರೆ ನನಗೆ ತಲೆ ಎತ್ತಲು ಪುರುಸೊತ್ತಿರಲ್ಲ, ನಿಮ್ಮ ಮುಖ ನೆನಪಿರಲ್ಲ. ಈಗ ಬಂದರೆ ಕೂತು ಮಾತಾಡುತ್ತೇನೆ. ಬ್ರೋಕರ್ ಬಿಟ್ಟು ನೇರವಾಗಿ ಗಾಡಿ ಹಾಕಿಸಿಕೊಳ್ಳಲು ನಮ್ಮ ಸಾಹುಕಾರರಿಗೆ ಒಂದು ಪರಿಚಯ ಸಾಕು.

ಸಿರಾ ಗೇಟ್

ಹರಿಹರದ ತಮ್ಮಾ, ನಿನಗೆ ಒಂದು ದಾರಿ ಹೇಳುತ್ತೇನೆ. ಹೋಗಿ ಬರುವ ಎರಡು ಗೆರೆ ಬಿಡು, ಮೂರು ಮೂಲೆ ಹಿಡಿ.

ನಾಮಕ್ಕಲ್‌ನಿಂದ ಸೇಲಂ 55 ಕಿಲೋಮೀಟರ್. ಸೇಲಂ ಅಂದರೆ ಸಬ್ಬಕ್ಕಿ. ಅಲ್ಲಿ ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಫ್ಯಾಕ್ಟರಿಗಳು ಸುತ್ತ ಹಳ್ಳಿ ತುಂಬ ಇವೆ. ಅದನ್ನು ಜಾಸ್ತಿ ತಿನ್ನುವುದು ಮಹಾರಾಷ್ಟ್ರದವರು. ಆಷಾಢ ಏಕಾದಶಿಯಿಂದ ಅವರಿಗೆ ಉಪವಾಸದ ಕಾಲ. ಶ್ರಾವಣ ಬಂದರಂತೂ ಮನೆ ಮನೆಯಲ್ಲೂ ಸಾಬೂದಾನ ಖಿಚಡಿ. ನಮಗೆ ಮಾಲಿಲ್ಲದ ತಿಂಗಳಲ್ಲೇ ಅವರಿಗೆ ಅದು ಬೇಕು. ಸೇಲಂನಿಂದ ಕೊಲ್ಹಾಪುರ, ಪುಣೆಗೆ ಹೋಗುವ ಗಾಡಿ ಬೆಂಗಳೂರು ದಾಟಿ ನಿನ್ನ ಮನೆ ಮುಂದಿನ ಹೈವೇಯಲ್ಲೇ ಹೋಗಬೇಕು.

ಕೊಲ್ಹಾಪುರದಲ್ಲಿ ಇಳಿಸಿದರೆ ಸಂಕೇಶ್ವರ, ಚಿಕ್ಕೋಡಿ ಕಡೆ ಸಕ್ಕರೆ ಕಾರ್ಖಾನೆಗಳು ಹತ್ತಿರ. ಕಬ್ಬು ಅರೆಯುವುದು ಈಗ ನಿಂತಿರುತ್ತದೆ, ಆದರೆ ಗೋಡೌನ್ ಸಕ್ಕರೆ ವರ್ಷಪೂರ್ತಿ ಹೊರಗೆ ಹೋಗುತ್ತದೆ. ಪ್ರತಿ ತಿಂಗಳು ಎಷ್ಟು ಮಾರಬೇಕು ಅಂತ ಕೇಂದ್ರ ಸರ್ಕಾರ ಕೋಟಾ ಕೊಡುತ್ತದೆ. ಆ ಸಕ್ಕರೆ ದಾವಣಗೆರೆಗೂ ಬರುತ್ತದೆ, ಬೆಂಗಳೂರಿಗೂ ಹೋಗುತ್ತದೆ.

ಕೇರಳಕ್ಕೆ ಹೋಗುತ್ತೇನೆ ಅಂತ ಮಾತ್ರ ಹೊರಡಬೇಡ. ಹೋಗುವ ಬಾಡಿಗೆ ನೋಡಿದರೆ ಆಸೆ ಆಗುತ್ತದೆ. ಅಲ್ಲಿಗೆ ಎಲ್ಲವೂ ಒಳಗೆ ಹೋಗುತ್ತದೆ, ಹೊರಗೆ ಬರುವುದು ಕಡಿಮೆ. ಪೆರುಂಬಾವೂರಿನ ಪ್ಲೈವುಡ್ ಸಿಕ್ಕರೆ ಸರಿ, ಇಲ್ಲದಿದ್ದರೆ ಮೂರು ದಿನ ಕಾಯಬೇಕು. ಡೀಸೆಲ್ ರೇಟೂ ಅಲ್ಲಿ ಜಾಸ್ತಿ. ಕೇರಳ, ಆಂಧ್ರ, ತೆಲಂಗಾಣಕ್ಕೆ ಯಾವಾಗ ಹೋದರೂ ಗಡಿ ದಾಟುವ ಮುಂಚೆ ನಮ್ಮ ಕಡೆಯಲ್ಲೇ ಟ್ಯಾಂಕ್ ತುಂಬಿಸಿಕೋ.

ಹೊರಡುವ ಮುಂಚೆ ಟಾರ್ಪಾಲ್ ನೋಡು. ಮೇಲಿನಿಂದ ನೋಡಿದರೆ ತೂತು ಕಾಣೋದಿಲ್ಲ. ಖಾಲಿ ಬಾಡಿಗೆ ಟಾರ್ಪಾಲ್ ಕಟ್ಟಿ, ಮಧ್ಯಾಹ್ನದ ಬಿಸಿಲಿನಲ್ಲಿ ನೀನು ಒಳಗೆ ಹೋಗಿ ಕೂತುಕೋ. ಎರಡು ನಿಮಿಷ ಕಣ್ಣಿಗೆ ಕತ್ತಲು ಹೊಂದಿಕೊಳ್ಳಲಿ. ಆಮೇಲೆ ಮೇಲೆ ನೋಡು, ಸೂಜಿ ಮೊನೆಯಷ್ಟು ತೂತಿದ್ದರೂ ನಕ್ಷತ್ರದ ಹಾಗೆ ಹೊಳೆಯುತ್ತದೆ. ಪ್ರತಿಯೊಂದಕ್ಕೂ ಒಳಗಿನಿಂದ ಸುಣ್ಣದ ಗುರುತು ಹಾಕು, ಆಮೇಲೆ ಇಳಿಸಿ ಅಂಟಿಸು. ಮಡಚುವ ಜಾಗದಲ್ಲೇ ತೂತು ಜಾಸ್ತಿ ಇರುತ್ತವೆ. ಸಬ್ಬಕ್ಕಿ, ಸಕ್ಕರೆ ಎರಡೂ ನೀರು ತಾಗಿದರೆ ಮುಗಿಯಿತು. ಎರಡು ಚೀಲ ನೆಂದರೆ ಶಾರ್ಟೇಜ್ ಅಂತ ಬಾಡಿಗೆಯಲ್ಲಿ ಹಿಡಿಯುತ್ತಾರೆ.

ಹರಿಹರದ ಹತ್ತು ಚಕ್ರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಇವತ್ತು ಮಧ್ಯಾಹ್ನ ಟಾರ್ಪಾಲ್ ಒಳಗೆ ಕೂತೆ. ಹದಿನೇಳು ತೂತು ಸಿಕ್ಕವು. ಕಳೆದ ವಾರವಷ್ಟೇ ಗಟ್ಟಿ ಇದೆ ಅಂತ ಮಡಚಿಟ್ಟಿದ್ದೆ.

ಸೇಲಂನಲ್ಲಿ ಯಾರೂ ಪರಿಚಯ ಇಲ್ಲ. ತಮಿಳು ಅಷ್ಟಕ್ಕಷ್ಟೆ. ಲೋಡು ಹೇಗೆ ಕೇಳಬೇಕು?

ಯಶವಂತಪುರ ಬುಕಿಂಗ್

ನಾಮಕ್ಕಲ್‌ನಲ್ಲಿ ಮಾಲು ಇಳಿಯುವ ದಿನ ಯಾವುದು ಅಂತ ನಿಕ್ಕಿ ಮಾಡಿಕೊಳ್ಳಿ. ಅದಕ್ಕೆ ಎರಡು ದಿನ ಮುಂಚೆಯೇ ಫೋನ್ ಶುರು ಮಾಡಿ. ಆ್ಯಪ್‌ನಲ್ಲಿ ಸೇಲಂನಿಂದ ಕೊಲ್ಹಾಪುರ ಅಂತ ಗಾಡಿ ಹಾಕಿ. ನಿಮ್ಮ ದಾವಣಗೆರೆ ಆಫೀಸಿನವರಿಗೆ ಸೇಲಂನಲ್ಲಿ ಯಾರು ಗೊತ್ತು ಕೇಳಿ, ಒಬ್ಬರಾದರೂ ಇರುತ್ತಾರೆ. ಮೊದಲ ಸಲ ಕಮಿಷನ್ ಕೊಟ್ಟೇ ಎತ್ತಿ. ಲೋಡಿಂಗ್ ಜಾಗದಲ್ಲಿ ಫ್ಯಾಕ್ಟರಿಯ ಗುಮಾಸ್ತರ ಜೊತೆ ನಾಲ್ಕು ಮಾತಾಡಿ ನಂಬರ್ ತೆಗೆದುಕೊಳ್ಳಿ. ಆದರೆ ಆ ಟ್ರಿಪ್ ಮುಗಿಯುವ ತನಕ ಕೊಡಿಸಿದ ಬ್ರೋಕರನ್ನು ದಾಟಿ ಹೋಗಬೇಡಿ. ಈ ಲೈನಿನಲ್ಲಿ ಹೆಸರು ಕೆಟ್ಟರೆ ಗಾಡಿಗಿಂತ ಮುಂಚೆ ಸುದ್ದಿ ಮುಟ್ಟುತ್ತದೆ.

ಹುಬ್ಬಳ್ಳಿ ಲೈನ್

ತಮಿಳಿಗೆ ಹೆದರಬೇಡಿ ಅಣ್ಣ. ಲಾರಿ ಲೈನಿನಲ್ಲಿ ಟನ್, ರೇಟು, ಅಡ್ವಾನ್ಸ್ ಮೂರು ಗೊತ್ತಿದ್ದರೆ ಅರ್ಧ ಮಾತು ಮುಗಿದ ಹಾಗೆ. ಸಂಕೇಶ್ವರದ ಕಡೆ ನನ್ನ ಪರಿಚಯದ ಆಫೀಸ್ ಇದೆ. ನಂಬರ್ ಖಾಸಗಿಯಾಗಿ ಕಳಿಸುತ್ತೇನೆ.

ಹರಿಹರದ ಹತ್ತು ಚಕ್ರ

ಹದಿನೈದು ದಿನ ಆಯಿತು, ವರದಿ ಕೊಡಬೇಕು. ಈಗ ಮನೆಯಿಂದಲೇ ಬರೆಯುತ್ತಿದ್ದೇನೆ.

ಇಲ್ಲಿ ಮಾತಾಡಿದ ಮರುದಿನ ಆ ಆಫೀಸಿಗೆ ಹೋಗಿ, ವಾಪಸ್ ಲೋಡು ನೋಡಿಕೊಂಡಿದ್ದೇನೆ, 1,200 ಆದರೆ ನಾಳೆಯೇ ಹಾಕುತ್ತೇನೆ ಅಂದೆ. ಒಂದು ಗಂಟೆ ಕೂರಿಸಿದರು, ಕೊನೆಗೆ ಒಪ್ಪಿದರು. ಬರಿ ಕೈಯಲ್ಲಿ ನಿಂತು ಕೇಳುವುದಕ್ಕೂ ಮುಂದಿನ ಲೋಡು ಇಟ್ಟುಕೊಂಡು ಕೇಳುವುದಕ್ಕೂ ಇರುವ ವ್ಯತ್ಯಾಸ ಅವತ್ತು ಗೊತ್ತಾಯಿತು. ನನ್ನ ಧ್ವನಿಯೇ ಬೇರೆ ಇತ್ತು.

ಅಕ್ಕ ಹೇಳಿದ ಹಾಗೆ ಬರೆದಿದ್ದೇನೆ. ದಾವಣಗೆರೆಯಿಂದ ನಾಮಕ್ಕಲ್ ಮೆಕ್ಕೆಜೋಳ 21,600. ಸೇಲಂಗೆ 55 ಕಿಲೋಮೀಟರ್ ಖಾಲಿ. ಸೇಲಂನಿಂದ ಕೊಲ್ಹಾಪುರ ಸಬ್ಬಕ್ಕಿ, ಟನ್ನಿಗೆ 2,100ರಂತೆ 37,800. ಸಂಕೇಶ್ವರದ ಕಡೆಗೆ 45 ಖಾಲಿ. ಅಲ್ಲಿಂದ ದಾವಣಗೆರೆಗೆ ಸಕ್ಕರೆ, 950ರಂತೆ 17,100. ಒಟ್ಟು 76,500.

ಖರ್ಚು: ಡೀಸೆಲ್ 38,800, ಟೋಲ್ 9,500, ಮೂರು ಕಡೆಯ ಕಮಿಷನ್ ಹಮಾಲಿ ಮಾಮೂಲು ಸೇರಿ 5,100, ಒಂಬತ್ತು ದಿನದ ಊಟ ಖರ್ಚು 3,600. ಒಟ್ಟು 57,000. ಉಳಿದದ್ದು 19,500.

ಒಂಬತ್ತು ದಿನಕ್ಕೆ ನನ್ನ ನಿಂತ ಖರ್ಚು 20,250. 750 ಕಡಿಮೆ ಬಿತ್ತು. ಆದರೆ ನಿಂತಿದ್ದರೆ ಪೂರ್ತಿ 20,250 ಹೋಗುತ್ತಿತ್ತು. 1,725 ಕಿಲೋಮೀಟರಿನಲ್ಲಿ ಖಾಲಿ ಓಡಿಸಿದ್ದು ಬರೀ ನೂರು.

ಸೇಲಂನಲ್ಲಿ ಒಂದೂವರೆ ದಿನ ಕಾಯಬೇಕಾಯಿತು. ಎರಡು ದಿನ ಮುಂಚೆ ಹೇಳಿದ್ದರೂ ಮಾಲು ಒಣಗಿರಲಿಲ್ಲ, ಮಳೆ ಮೋಡ ಇತ್ತು. ಅಂಗಳದಲ್ಲಿ ಹರಡಿದ್ದ ಬಿಳಿ ಕಾಳನ್ನು ಹೆಂಗಸರು ಓಡೋಡಿ ಗುಡ್ಡೆ ಮಾಡಿ ಮುಚ್ಚುತ್ತಿದ್ದರು. ನಾನೂ ಹೋಗಿ ಟಾರ್ಪಾಲ್ ಎಳೆದೆ. ಗುಮಾಸ್ತರು ಸಂಜೆ ಊಟ ಹಾಕಿಸಿದರು, ನಂಬರ್ ಕೊಟ್ಟರು. ಬ್ರೋಕರ್‌ಗೆ ಅವರದ್ದು ಪೂರ್ತಿ ಕೊಟ್ಟೇ ಬಂದೆ.

ಬಾಕಿ 11,000ದಲ್ಲಿ 8,000 ಬಂತು. ಸ್ಪೀಡ್ ಪೋಸ್ಟ್ ಮುಟ್ಟಿದ ಮೂರನೇ ದಿನ. ಉದ್ಯಮ್ ನೋಂದಣಿಯೂ ಆಯಿತು. ಇಎಂಐ ಒಂದು ವಾರ ತಡವಾಗಿ ಕಟ್ಟಿದೆ.

ಚಳ್ಳಕೆರೆ ಮನೆಲೆಕ್ಕ

ಅಣ್ಣ, ಓದಿ ತುಂಬಾ ಖುಷಿಯಾಯಿತು. ನಮ್ಮ ಯಜಮಾನರಿಗೂ ಓದಿ ಹೇಳಿದೆ.

ಒಂದು ಸಾಲು ಬಿಟ್ಟಿದ್ದೀರಿ. ಟೈರು ಮತ್ತು ಆಯಿಲ್‌ಗೆ ನಾವು ಕಿಲೋಮೀಟರಿಗೆ 2 ರೂಪಾಯಿ ಎತ್ತಿಡುತ್ತೇವೆ. 1,725ಕ್ಕೆ 3,450 ಆಯಿತು. ನಿಮ್ಮ ನಿಜವಾದ ಕೊರತೆ 4,200. ಮನಸ್ಸು ಕೆಡಿಸಬೇಕು ಅಂತ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ನಾವು ಇದನ್ನು ಬರೆಯುತ್ತಿರಲಿಲ್ಲ. ಒಂದೇ ತಿಂಗಳಲ್ಲಿ ನಾಲ್ಕು ಟೈರು ಹೋದಾಗ ನನ್ನ ಬಳೆ ಅಡ ಇಟ್ಟೆವು. ಮುಂದಿನ ಸುತ್ತಿನಲ್ಲಿ ಸೇಲಂನಲ್ಲಿ ಒಂದು ದಿನ ಕಾಯುವುದು ಉಳಿದರೆ 2,250 ಬಂತು. ಒಂದು ಕಡೆ ನೇರ ಲೋಡು ಸಿಕ್ಕರೆ ಕಮಿಷನ್ ಉಳಿಯಿತು. ಅಲ್ಲಿಗೆ ಅರ್ಧಕ್ಕಿಂತ ಜಾಸ್ತಿ ತುಂಬುತ್ತದೆ.

ಹರಿಹರದ ಹತ್ತು ಚಕ್ರ

ನಿಜ ಅಕ್ಕ. ಹಿಂದಿನ ಎಡಗಡೆ ಒಳಗಿನ ಟೈರು ಆಗಲೇ ಸವೆದಿದೆ, ನೋಡಿಯೂ ಬರೆದಿರಲಿಲ್ಲ. ಇವತ್ತಿನಿಂದ ಆ ಸಾಲು ಸೇರಿಸುತ್ತೇನೆ.

ಸೇಲಂ ಗುಮಾಸ್ತರು ನಿನ್ನೆ ರಾತ್ರಿ ತಾವೇ ಫೋನ್ ಮಾಡಿದ್ದರು. ಬಿಸಿಲು ಬಂದಿದೆಯಂತೆ, ಮಾಲು ಒಣಗಿದೆ, ಶುಕ್ರವಾರಕ್ಕೆ ಗಾಡಿ ಬೇಕು ಅಂದರು, ನೇರ ಲೋಡು. ದಾವಣಗೆರೆಯಿಂದ ಆ ಕಡೆಗೆ ಬುಧವಾರ ಲೋಡಿಂಗ್ ಆಗುವ ಮಾಲು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. 18 ಟನ್, ಟಾರ್ಪಾಲ್ ಗಟ್ಟಿ ಇದೆ, ಪೇಪರ್ ಎಲ್ಲ ರೆಡಿ.